ಪರದೇಶಿ ಕೂಸಿನ ಕಲ್ಲು

ಯಾರ್ಕ್, ಇಂಗ್ಲೆಂಡ್
೧೪ ಜೂನ್ ೧೯೮೭

ಪ್ರೀತಿಯ ಸುಮಿತ್ರಕ್ಕನಿಗೆ ತಂಗಿ ಗಂಗಾಬಾಯಿಯ ಶರಣು.

ಹೊರಡುವಾಗ ನೀನು "ಮುಟ್ಟಿದ ಕೂಡಲೇ ಕಾಗದ ಬರಿ ಬೇ" ಎಂದಿದ್ದೆ. ಹದಿನೈದು ದಿನ ತಡವಾಯಿತು, ಬೈದುಕೋ. ಕೊಳಕೂರಿನಲ್ಲಿ ನೀನು, ಶಾಂತಲಿಂಗಪ್ಪ ಭಾವ ಆರಾಮಿದ್ದೀರಲ್ಲ? ಸೊಸೆಯ ಕೂಸಿಗೆ ಲಿಂಗ ಕಟ್ಟಿಸಿದಿರಾ? ತಡಮಾಡಬೇಡಿ.

ಇಲ್ಲಿ ನಾವು ನೋಡುತ್ತಿರುವುದು ಒಂದೇ, ಚರ್ಚು. ಆಳಂದದ ಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದ ನಮ್ಮವರು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ತೋರಿಸುತ್ತಾರೆ. ಕತ್ತೆತ್ತಿದರೆ ಬಣ್ಣದ ಗಾಜು, ಬಗ್ಗಿದರೆ ಗೋರಿ. ಹೌದಕ್ಕ, ಸತ್ತವರನ್ನು ಒಳಗೇ ಹೂಳಿ, ಮೇಲೆ ಹೆಸರು ಕೊರೆದ ಹಾಸುಗಲ್ಲು ಹಾಕುತ್ತಾರೆ. ಜನ ಬೂಟುಗಾಲಲ್ಲಿ ಅದರ ಮೇಲೆಯೇ ಓಡಾಡುತ್ತಾರೆ. ನಾನು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಗೋಡೆಗುಂಟ ನಡೆಯುತ್ತೇನೆ. "ಥಂಡ್ಯಾಗ ಸೆಟೆದು ಸಾಯ್ತಿ, ಹಾಕ್ಕೋ" ಎಂದು ಇವರು ಗದರುತ್ತಾರೆ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಗೊತ್ತಿಲ್ಲದ ಗಂಡಸಿಗೆ ಕಂಡವರು ಹುಟ್ಟಿದ್ದು, ಸತ್ತದ್ದು ಎಲ್ಲ ಬಾಯಿಪಾಠ.

ಮೊನ್ನೆ ಒಂದು ಹಳ್ಳಿಯ ಚರ್ಚಿನಲ್ಲಿ ಮಣೆಯಷ್ಟು ಚಿಕ್ಕ ಕಲ್ಲು ಕಂಡೆ. "ಒಂಬತ್ತು ದಿನದ ಕೂಸು. ಮುನ್ನೂರು ವರ್ಷ ಆತು" ಎಂದು ಇವರು ಓದಿ ಹೇಳಿದರು. ನನ್ನದು ಹನ್ನೊಂದು ದಿನ ಬದುಕಿತ್ತು. ಲಿಂಗ ಕಟ್ಟುವ ಮೊದಲೇ ಹೋಯಿತು. ಅಂಥ ಕೂಸಿಗೆ ಕ್ರಿಯೆಯಿಲ್ಲ, ಗುರುತಿನ ಕಲ್ಲಿಲ್ಲ, ಬಾಣಂತಿಗೆ ಜಾಗ ತೋರಿಸಬಾರದು ಎಂದು ಅತ್ತೆ ಹೇಳಿದರು. ಇವರೊಬ್ಬರೇ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಬಂದರು. ಇಪ್ಪತ್ತಾರು ವರ್ಷ ನಾನೂ ಕೇಳಲಿಲ್ಲ.

ಆ ಕಲ್ಲಿನ ಮುಂದೆ ಕೂತು ಚೀಲದಲ್ಲಿದ್ದ ವಿಭೂತಿ ತೆಗೆದು ಹಚ್ಚಿಬಿಟ್ಟೆ. ಚರ್ಚು ಕಾಯುವ ಮುದುಕ ಓಡಿಬಂದ. ಇವರು ಅವನಿಗೆ ಹತ್ತು ಸಲ "ಸಾರಿ, ಸಾರಿ" ಎಂದು ತಮ್ಮ ಕರವಸ್ತ್ರದಿಂದಲೇ ಒರೆಸಿದರು. "ಪರದೇಶದಾಗ ನನ್ನ ಮಾನ ಕಳೀತಿ?" ಎಂದು ನನ್ನ ಮೇಲೆ ಹರಿಹಾಯ್ದರು.

"ನನ್ನ ಕೂಸಿನ ಎಲ್ಲಿ ಇಟ್ರಿ?" ಎಂದು ಕೇಳಿದೆ. ಕರವಸ್ತ್ರ ಕೊಡವುತ್ತ ಹೊರಗೆ ನಡೆದರು. ನನಗೆ ಸಿಟ್ಟು ಬಂದಿದೆ ಅಕ್ಕ, ಅತ್ತಿಲ್ಲ.

ಭಾವನವರಿಗೆ ಶರಣು. ಕೂಸಿಗೆ ನನ್ನ ಆಯುಷ್ಯವೂ ಸೇರಿ ನೂರು ತುಂಬಲಿ.

ನಿನ್ನ,
ಗಂಗಾ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಇವರು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಉತ್ತರ ಕೊಟ್ಟರು. "ಕೊಳಕೂರದ ನಮ್ಮ ಹಳ್ಳದ ಹೊಲದಾಗ, ಬದುವಿನ ಬಾಜೂಕ. ಹೋದ ವರ್ಷ ಅದನ್ನೇ ಶಾಂತಲಿಂಗಪ್ಪಗ ಮಾರಿ ನಿನ್ನ ಇಲ್ಲಿ ಕರ್ಕೊಂಡು ಬಂದೀನಿ. ಇನ್ನೇನು ಬೇಕು?" ಆ ಬದು ಒಡೆದು ಟ್ರ್ಯಾಕ್ಟರ್ ಹೊಡೆಸಿದೆವೆಂದು ನೀನೇ ಬರೆದಿದ್ದೆ. ಸುಗ್ಗಿಯಾದ ಮೇಲೆ ಅಲ್ಲಿಯ ಜೋಳ ಒಂದು ಚೀಲ ಕಳಿಸಿದೆ. ಇಂಥ ರುಚಿಯ ರೊಟ್ಟಿ ತಿಂದೇ ಇಲ್ಲವೆಂದು ನಾನು ಹೊಗಳಿ ಬರೆದೆ. ನಿನಗೆ ಗೊತ್ತಿತ್ತೇ ಎಂದು ಕೇಳುವುದಿಲ್ಲ. ಇನ್ನು ಮೇಲೆ ಜೋಳ ಕಳಿಸಬೇಡ.