ಹತ್ತು ಮಾತ್ರೆ

ಅಪ್ಪಾ,

ನೀವು ಹೋಗಿ ವರ್ಷ ತುಂಬಿದ ಊಟಕ್ಕೆ ಇವತ್ತು ನಿಮ್ಮ ಜ್ವರಕ್ಕೆ ಔಷಧಿ ಬರೆದಿದ್ದ ಡಾಕ್ಟರ್ ಬುರುಲ್ ಬಿಷ್ಕೆಕ್‌ನಿಂದ ಕರೆಯದೇ ಬಂದಿದ್ದಳು. ಕರಿದ ಹಿಟ್ಟಿನ ಬೊರ್ಸೋಕ್ ತಿನ್ನುತ್ತಲೇ ಹಳೆಯದನ್ನು ಕೆದಕಿದಳು.

"ವೈರಸ್ಸು ಆಗಲೇ ಸೋತಿತ್ತು ಕಣಮ್ಮ. ಅದರ ಮೇಲೆ ಎದ್ದ ನಿಮ್ಮಪ್ಪನ ರೋಗನಿರೋಧಕ ಶಕ್ತಿನೇ ತಣ್ಣಗಾಗದೆ ಶ್ವಾಸಕೋಶ ಸುಡ್ತಿತ್ತು. ಅದನ್ನ ತಗ್ಗಿಸೋಕೇ ಆ ಮಾತ್ರೆ ಬರೆದಿದ್ದು. ಹತ್ತೂ ಕೊಟ್ಟೆ ತಾನೇ?"

"ಒಂದೂ ಬಿಟ್ಟಿಲ್ಲ."

ನನ್ನ ಮುಖವನ್ನೇ ನೋಡಿದಳು. ನಂಬಿದಳೋ, ಪರೀಕ್ಷಿಸಿದಳೋ.

ಮಾತ್ರೆಯ ಚೀಟಿಯಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿಸುತ್ತದೆ ಎಂದೇ ಇತ್ತು. ಜ್ವರದವರಿಗೆ ಯಾರಾದರೂ ಅಂಥದ್ದು ಕೊಡುತ್ತಾರೆಯೇ? ಅವಳ ಮೇಲೆ ನನಗೆ ಇಂದಿಗೂ ಅನುಮಾನ.

ನೀವು "ಮಾತ್ರೆ ಎಲ್ಲಮ್ಮ?" ಎಂದಾಗ, "ಹಾಲಲ್ಲೇ ಕರಗಿಸಿದೀನಿ" ಎಂದು ನಮ್ಮ ಮನೆಮದ್ದು ಕುರಿಬಾಲದ ಕೊಬ್ಬನ್ನಷ್ಟೇ ಕಲಸಿದ ಹಾಲಿನ ಬಟ್ಟಲು ಕೊಟ್ಟೆ. ನೀವು ಅನುಮಾನಿಸಲಿಲ್ಲ, ತಳದವರೆಗೂ ಕುಡಿದಿರಿ. ಹತ್ತೂ ಚಹಾ ಡಬ್ಬಿಯಲ್ಲೇ ಇವೆ.

ಹೊರಡುವ ಮುನ್ನ ಬುರುಲ್ ಇನ್ನೊಂದು ಬಟ್ಟಲು ಚಹಾ ಕೇಳಿದಳು. ಡಬ್ಬಿ ಖಾಲಿ ಎಂದೆ.