ವಾರ್ಡಿಗೆ ಹೋಗುವ ಮೊದಲು

ಸೆಗಯಾ, ಮನಾಮ, ಬಹರೈನ್
6 ಅಕ್ಟೋಬರ್ 2024

ಪ್ರೀತಿಯ ಮಗಳು ಸುರಕ್ಷಾಳಿಗೆ ಅಪ್ಪನ ಆಶೀರ್ವಾದ.

ಹತ್ತು ದಿನದ ಹಿಂದೆ ನಿನ್ನ ಫೋನನ್ನು ಅರ್ಧದಲ್ಲಿ ಕಟ್ ಮಾಡಿದವನು ನಾನೇ, ನೆಟ್‌ವರ್ಕ್ ಅಲ್ಲ. ಕ್ಷಮಿಸು. ಮಾತಾಡಿದರೆ ಮತ್ತೆ ದನಿ ಏರುತ್ತದೆ. ಅದಕ್ಕೇ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ. ನಾವಿಬ್ಬರೂ ಸೌಖ್ಯ. ಸೆಕೆ ಇನ್ನೂ ಇಳಿದಿಲ್ಲ, ನನ್ನಂಥ ಎ.ಸಿ. ರಿಪೇರಿಯವನಿಗೆ ಪುರುಸೊತ್ತು ಎಲ್ಲಿಂದ?

ನಿನ್ನ ಕಾಲೇಜಿನ ಸುತ್ತೋಲೆಯನ್ನು ಅಮ್ಮ ನಾಲ್ಕು ಸಲ ಓದಿ ಹೇಳಿದಳು. ಚೀನಾದವರು ವೈದ್ಯಕೀಯ ಶಿಕ್ಷಣವನ್ನು ಸುಧಾರಿಸುತ್ತಾರಂತೆ. ಈ ವರ್ಷದಿಂದ ಚೀನೀ ಭಾಷೆಯ ಪರೀಕ್ಷೆ ಪಾಸಾಗದ ವಿದೇಶಿ ವಿದ್ಯಾರ್ಥಿಗಳಿಗೆ ಆಸ್ಪತ್ರೆಯ ವಾರ್ಡಿಗೆ ಪ್ರವೇಶವಿಲ್ಲ. ಪರೀಕ್ಷೆಗೆ ಹೆಸರು ಕೊಡಲು ಬರುವ ಶುಕ್ರವಾರ ಕಡೇ ದಿನ. ನೀನು, "ಇಂಗ್ಲಿಷ್‌ನಲ್ಲಿ ಕಲಿಸ್ತೇವೆ ಅಂತ ಕರೆದು ಈಗ ಹೀಗೆ ಮಾಡಿದ್ರೆ ಹೇಗಪ್ಪಾ? ನಾನು ಎಲ್ಲಾ ಬಿಟ್ಟು ಬರ್ತೇನೆ" ಅಂದೆ. ಮೂರು ವರ್ಷ ಓದಿ ಬಿಟ್ಟು ಬರುವುದೆಂದರೆ! ನನ್ನ ಪಿತ್ತ ನೆತ್ತಿಗೇರಿತು.

ಫೋನ್ ಇಟ್ಟ ಮೇಲೆ ಅಮ್ಮ ನನ್ನನ್ನು ಸುಮ್ಮನೆ ಬಿಟ್ಟಳು ಅಂದುಕೊಂಡೆಯಾ? "ಯಾವ ಬಾಯಲ್ಲಿ ಅವಳಿಗೆ ಬೈತೀರಿ? ಮೊದಲನೇ ವರ್ಷ ಭಾಷೆಯ ಕ್ಲಾಸಿಗೆ ಹೋಗ್ತೇನೆ ಅಂದವಳನ್ನು ತಡೆದದ್ದು ನೀವೇ ಅಲ್ವಾ?" ಎಂದಳು. ಹೌದು, ನಾನೇ. "ಅದೆಲ್ಲ ಎಂತಕ್ಕೆ ಮಗಾ? ಇಪ್ಪತ್ತಾರು ವರ್ಷ ನಾನು ಬಹರೈನಲ್ಲಿ ಹಿಂದಿಯಲ್ಲೇ ಬದುಕಲಿಲ್ವಾ?" ಎಂದು ದೊಡ್ಡ ಜನದ ಹಾಗೆ ಹೇಳಿದ್ದೆ. ಅರಬಿಯಲ್ಲಿ ನನಗೆ ಗೊತ್ತಿರುವುದು ಹೆಚ್ಚೆಂದರೆ ಹತ್ತು ಪದ. ಆ ಪಾಂಡಿತ್ಯ ಇಟ್ಟುಕೊಂಡು ನಿನಗೆ ಬುದ್ಧಿ ಹೇಳಲು ಹೊರಟೆ. ತಪ್ಪು ನನ್ನದು.

ನಡುವೆ ನಿಯಮ ಬದಲಿಸಿದ್ದು ಅನ್ಯಾಯವೇ. ಜಗಳ ಆಡು, ಅರ್ಜಿ ಬರೆ, ಬೇಡ ಅನ್ನುವುದಿಲ್ಲ. ಆದರೆ ಶುಕ್ರವಾರದೊಳಗೆ ಹೆಸರು ಕೊಡು. ಫೇಲಾದರೆ ಇನ್ನೊಮ್ಮೆ ಬರೆ. ರೋಗಿ ಏನು ಹೇಳುತ್ತಿದ್ದಾನೆಂದು ತಿಳಿಯದೆ ಮಾತ್ರ ಅವನ ಮಂಚದ ಹತ್ತಿರ ಹೋಗಬೇಡ.

ದೇವರು ನಿನ್ನ ಕೈಗೂ ಕಿವಿಗೂ ಒಳ್ಳೆಯದು ಮಾಡಲಿ.

ನಿನ್ನ ಅಪ್ಪ,
ಸರ್ವೋತ್ತಮ

ಮರೆತ ಮಾತು: ಅಲ್ಲ, ಮರೆತದ್ದಲ್ಲ. ಅಮ್ಮನಿಗೂ ಹೇಳಿಲ್ಲ. ಆಗಸ್ಟಿನಲ್ಲಿ ಬುದಯ್ಯದ ಒಂದು ಮನೆಗೆ ಎ.ಸಿ. ನೋಡಲು ಹೋಗಿದ್ದೆ. ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು. ನಾನು ಹೊರಡುವಾಗ ಎದೆಯ ಮೇಲೆ ಕೈಯಿಟ್ಟುಕೊಂಡು ಏನೋ ಹೇಳಿದರು, ಮತ್ತೆ ಮತ್ತೆ ಹೇಳಿದರು. ಇಲ್ಲಿಯವರು ಉಪಕಾರ ನೆನೆಯುವಾಗ ಹಾಗೆ ಎದೆ ಮುಟ್ಟಿಕೊಳ್ಳುತ್ತಾರೆ. ನಾನೂ ಮುಟ್ಟಿಕೊಂಡು, "ಝೇನ್, ಝೇನ್", ಸರಿ, ಸರಿ ಎಂದು ನಕ್ಕು ಬಂದೆ. ಮರುದಿನ ಬಿಟ್ಟುಬಂದ ಏಣಿ ತರಲು ಹೋದರೆ ಅಂಗಳದಲ್ಲಿ ಅಜ್ಜಿಯ ಸಾವಿಗೆ ಸೇರಿದ ಜನ. ಅಜ್ಜಿ ನಿನ್ನ ಹತ್ತಿರ ಏನಾದರೂ ಹೇಳಿದರಾ ಎಂದು ಮೊಮ್ಮಗ ಹಿಂದಿಯಲ್ಲಿ ಕೇಳಿದ. ಏನೂ ಹೇಳಲಿಲ್ಲ ಎಂದುಬಿಟ್ಟೆ.