ನುಗ್ಗೆಮರ ಕಡಿಸಿದ ಮೇಲೆ

ಮನೆಯಿಂದ,
ಹದಿನೇಳನೇ ತಾರೀಕು, ಭಾನುವಾರ

ಪ್ರೀತಿಯ ಸೊಸೆಗೆ,

ನಿನ್ನ ಅಮ್ಮನ ಸೊಂಟದ ನೋವು ಈಗ ಹೇಗಿದೆ? ಗೋಡೆ ಹಿಡಿದುಕೊಂಡಾದರೂ ಬಚ್ಚಲಿಗೆ ಹೋಗುತ್ತಾರೆಯೇ? ಅವರನ್ನು ಎತ್ತಿ ಕೂರಿಸುವಾಗ ನಿನ್ನ ಬೆನ್ನನ್ನೂ ನೋಡಿಕೋ. ನಾವು ಆರೋಗ್ಯವಾಗಿದ್ದೇವೆ. ನಿನ್ನ ಗಂಡ ಗ್ಯಾರೇಜಿನಿಂದ ಬಂದವನೇ ಗ್ರೀಸ್ ಕೈಯಲ್ಲೇ ಪಾತ್ರೆಗಳ ಮುಚ್ಚಳ ಎತ್ತುತ್ತಾನೆ, ನಾನು ಬೈಯುತ್ತೇನೆ. ಮೊದಲಾದರೆ ನಗುತ್ತಿದ್ದ. ಈಗ ಸುಮ್ಮನೆ ಉಂಡು ಎದ್ದು ಹೋಗುತ್ತಾನೆ. ಯಾಕೆಂದು ಬರೆಯುವುದಕ್ಕೂ ಕೈ ಹಿಂಜರಿಯುತ್ತಿದೆ.

ಹಿತ್ತಿಲ ನುಗ್ಗೆಮರ ಕಡಿಸಿಬಿಟ್ಟೆ. ನೀನು ನೆಟ್ಟು ಬೆಳೆಸಿದ್ದು ಎಂದು ಗೊತ್ತಿದ್ದೂ ಕಡಿಸಿದೆ. ಒಣಹಾಕಿದ ಸೀರೆಗಳ ಮೇಲೆ ಕಂಬಳಿಹುಳ ಉದುರಿ ನನ್ನ ಕತ್ತೆಲ್ಲ ದದ್ದು ಎದ್ದಿದ್ದು ಸುಳ್ಳಲ್ಲ. ಆದರೆ ಅದು ನೆಪ. ಬೀದಿಯ ಹೆಂಗಸರೆಲ್ಲ ಹಿಂಬಾಗಿಲಿಗೆ ಬಂದು ನಿನ್ನ ಹೆಸರನ್ನೇ ಕೂಗುತ್ತಿದ್ದರು. ಅಲ್ಲೇ ಕೂತಿರುತ್ತಿದ್ದ ನನ್ನನ್ನು ಒಬ್ಬಳೂ ಮಾತಾಡಿಸುತ್ತಿರಲಿಲ್ಲ. ನನಗೆ ಹೊಟ್ಟೆಯುರಿ. ನೀನು ಊರಿಗೆ ಹೋದದ್ದೇ ತಡ, ಮರ ಕಡಿಯುವವನನ್ನು ಕರೆಸಿದೆ. “ಅವಳು ಬರ್ಲಿ ತಡಿಯಮ್ಮ” ಅಂತ ನಿನ್ನ ಗಂಡ ಹೇಳಿದ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಂದವನು ಮೊಣಕಾಲೆತ್ತರಕ್ಕೆ ಮೋಟು ಮಾಡಿ ಕೊಂಬೆಗಳನ್ನು ಅಲ್ಲೇ ಬಿಟ್ಟು ಹೋದ. ಒಲೆಗೂ ಆಗದ ಸೌದೆಯಂತೆ ಅದು.

ಮಾರನೇ ದಿನ ಟೈಲರಮ್ಮ ಬಂದಳು. ಬಾಣಂತಿ ಮಗಳಿಗೆ ಒಂದು ಹಿಡಿ ಸೊಪ್ಪು ಬೇಕಿತ್ತು. “ನೀವು ಕಳಿಸ್ತಿದ್ದ ಸೊಪ್ಪು ತಿಂದೇ ದೊಡ್ಡಮ್ಮ, ನನ್ನ ಮಗಳು ಎದ್ದು ಓಡಾಡ್ತಿರೋದು” ಅಂದಳು. ನಾನು ಕಳಿಸಿದ್ದಾ ಎಂದು ಬೆಪ್ಪಾಗಿ ಕೇಳಿದೆ. “ಹೂಂ, ನಿಮ್ಮ ಸೊಸೆ ಕೊಡುವಾಗೆಲ್ಲ, ನಮ್ಮತ್ತೆ ಕೊಟ್ಟಿದ್ದು ಅಂತಿದ್ಲಲ್ಲ.” ಬಸ್ ಕಂಡಕ್ಟರನ ತಾಯಿಗೆ ಕೊಟ್ಟ ಹೂವು, ಡ್ರಿಲ್ ಮೇಷ್ಟ್ರ ಮನೆಗೆ ಕೊಟ್ಟ ಕಾಯಿ, ಎಲ್ಲವೂ ನನ್ನ ಹೆಸರಿನಲ್ಲೇ ಹೋಗಿತ್ತಂತೆ. ಅಷ್ಟರಲ್ಲಿ ಅವಳ ಕಣ್ಣು ಹಿತ್ತಿಲ ಮೋಟಿನ ಮೇಲೆ ಬಿತ್ತು. ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದಳು.

ನುಗ್ಗೆ ಕೊಂಬೆ ನೆಟ್ಟರೆ ಬೇರು ಬಿಡುತ್ತದೆ ಅಂತ ನೀನೇ ಒಮ್ಮೆ ಹೇಳಿದ್ದೆ. ದಪ್ಪ ಕೊಂಬೆಗಳನ್ನು ತುಂಡು ಮಾಡಿ ಹೊತ್ತುಕೊಂಡು ಹೋಗಿ ಕಂಡಕ್ಟರನ ಮನೆಯಲ್ಲೂ ಮೇಷ್ಟ್ರ ಮನೆಯಲ್ಲೂ ನೆಟ್ಟು ಬಂದೆ. ಕೊನೆಗೆ ಟೈಲರಮ್ಮನ ಮನೆಗೂ ಹೋದೆ. ಈ ವಯಸ್ಸಿಗೆ ಗುದ್ದಲಿ ಹಿಡಿದು ಅಂಗೈಯಲ್ಲಿ ಬೊಬ್ಬೆ ಬಂದಿದೆ, ಬರಲಿ. ನಮ್ಮ ಮೋಟೂ ಪಕ್ಕದಲ್ಲಿ ಚಿಗುರಿದೆ.

ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಬೈಯಬೇಕೆನ್ನಿಸಿದರೆ ಧಾರಾಳವಾಗಿ ಬೈದು ಬರೆ, ನಿನ್ನ ಗಂಡನಿಗೂ ಕೇಳಲೆಂದು ಅವನ ಕೈಲೇ ಗಟ್ಟಿಯಾಗಿ ಓದಿಸುತ್ತೇನೆ. ನೀನು ಸುಖವಾಗಿರು.

ನಿನ್ನ ಅತ್ತೆ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಟೈಲರಮ್ಮನ ಹತ್ತಿರ ನಿಜ ಹೇಳಿಬಿಟ್ಟೆ, ಕೊಟ್ಟವಳು ನಾನಲ್ಲ, ಸೊಸೆ ಅಂತ. ಅವಳು ನೆಟ್ಟ ಕೊಂಬೆಯ ಬುಡದ ಮಣ್ಣು ತುಳಿಯುತ್ತಲೇ, “ಗೊತ್ತಿತ್ತು ದೊಡ್ಡಮ್ಮ, ಬೀದಿಗೆಲ್ಲ ಗೊತ್ತಿತ್ತು. ಆ ಹುಡುಗಿ ಅಷ್ಟು ಆಸೆಯಿಂದ ಹೇಳ್ತಿದ್ಲಲ್ಲ, ನಾವೂ ಹೂಂ ಅಂತಿದ್ವಿ” ಅಂದಳು. ಅಂದಿನಿಂದ ನಾನು ಹೊಸ್ತಿಲು ದಾಟಿಲ್ಲ. ಅಮ್ಮ ನಡೆಯುವಂತಾದ ಕೂಡಲೇ ಬಂದುಬಿಡು ಮಗಳೇ. ನಿನ್ನ ಜೊತೆಗಾದರೆ ಬೀದಿಗೆ ಬರುತ್ತೇನೆ.